ಹರೆಯದ ಹುಡುಗರ ಟೊಂಕ ನೋವು

ಕಳೆದ ತಿಂಗಳು ಒಂದು ಭಾನುವಾರ ಮುಂಜಾನೆ ನಮ್ಮ ಮನೆಯ ಬಾಗಿಲಿಗೆ ಒಬ್ಬರು ಬಂದು ನಿಂತರು. ಕತ್ತು ಎತ್ತಿ ನನ್ನನ್ನು ನೋಡುವುದು ಅವರಿಗೆ ಸಾಧ್ಯವಾಗಲಿಲ್ಲ. ಮೊಳಕಾಲುಗಳನ್ನು ತುಸು ಮಡಿಸಿ, ಇಡೀ ದೇಹವನ್ನೇ ಹಿಂದಕ್ಕೆ ವಾಲಿಸಿ, ಆಮೇಲೆ ನನ್ನ ಮುಖ ನೋಡಿದರು. "ಸರ್, ಗುರ್ತು ಹತ್ತಲಿಲ್ಲೇನ್ರಿ?" ಎಂದರು. ದನಿಯಿಂದ ಗುರುತು ಹತ್ತಿತು. 1996-97ನೆಯ ಸಾಲಿನಲ್ಲಿ ಶಹಾಬಾದಿನಲ್ಲಿ ಹತ್ತನೆಯ ತರಗತಿಯಲ್ಲಿ ಮೂರನೆಯ ಬೆಂಚಿನ ತುದಿಗೆ ಕುಳಿತುಕೊಳ್ಳುತ್ತಿದ್ದ ಹುಡುಗ. ಹೆಸರು ನೆನಪಾಗುವ ಮೊದಲೇ ನಾನು ಆತನಿಗೆ ಇಟ್ಟಿದ್ದ ಅಡ್ಡಹೆಸರು ನೆನಪಾಯಿತು. "ಅಜ್ಜ" ಎಂದು ಕರೆಯುತ್ತಿದ್ದೆ. ಇಡೀ ತರಗತಿ ನಗುತ್ತಿತ್ತು.

ಆತ ಬಂದದ್ದು ಒಂದು ಅರ್ಜಿ ಬರೆಯಿಸಿಕೊಳ್ಳಲು. ಆ ವಿಷಯ ಆಮೇಲೆ ಹೇಳುತ್ತೇನೆ. ಚಹಾ ಕುಡಿಯುತ್ತ ಮೂರು ತಾಸು ಮಾತನಾಡಿದೆವು. ಹೊರಡುವಾಗ, "ನಿನ್ನ ಸಂಗತಿಯನ್ನು ಬರೆಯಲೇನಪ್ಪಾ?" ಎಂದು ಕೇಳಿದೆ. "ಹೆಸರು ಹಾಕಬ್ಯಾಡ್ರಿ ಸರ್. ಉಳದದ್ದೆಲ್ಲ ಬರೀರಿ" ಎಂದ. ಹಾಗಾಗಿ ಬರೆಯುತ್ತಿದ್ದೇನೆ. ಇದನ್ನು ಓದುವವರಲ್ಲಿ ಆತನ ಸಹಪಾಠಿಗಳೂ ಇರಬಹುದು. ಗುರುತು ಹಿಡಿದರೂ ದಯವಿಟ್ಟು ಸುಮ್ಮನಿರಿ.

ಆತನ ತಂದೆ ಪರಸಿ ಕಲ್ಲಿನ ಗಣಿಯಲ್ಲಿ ಕೂಲಿ ಮಾಡುತ್ತಿದ್ದರು. ಶಹಾಬಾದ್ ಕಲ್ಲು ಎಂದು ದೂರದೂರದ ಊರುಗಳ ಅಂಗಳ, ಪಡಸಾಲೆಗಳಲ್ಲಿ ಹಾಸಿಕೊಂಡಿರುವುದು ಇದೇ ಕಲ್ಲು. ಪದರು ಪದರಾಗಿ ಕೂತಿರುವ ಈ ಸುಣ್ಣಗಲ್ಲನ್ನು ಹಾರೆಯಿಂದ ಮೀಟಿ ಎಬ್ಬಿಸಬೇಕು, ಎಬ್ಬಿಸಿದ್ದನ್ನು ಬಗ್ಗಿ ಎತ್ತಬೇಕು. ರಜೆಯಲ್ಲಿ ಮಗನೂ ಹೋಗುತ್ತಿದ್ದ. ಹತ್ತನೆಯ ತರಗತಿಯ ದಸರೆಯ ರಜೆ ಮುಗಿದ ಮೇಲೆ ಹುಡುಗ ಪ್ರಾರ್ಥನೆಗೆ ತಡವಾಗಿ ಬರತೊಡಗಿದ. ಬಂದರೂ ಕವಾಯತಿನಲ್ಲಿ ಬಗ್ಗುತ್ತಿರಲಿಲ್ಲ. ಕೇಳಿದರೆ, "ಮುಂಜಾನಿ ಏಳ್ಲಾಕ ಆಗಲ್ರಿ ಸರ್, ಟೊಂಕ ಹಿಡಕೊಂಡಿರ್ತದ್ರಿ" ಎನ್ನುತ್ತಿದ್ದ. ಆದರೆ ಅದೇ ಹುಡುಗ ಸಂಜೆ ನಾಲ್ಕಕ್ಕೆ ಬಯಲಿನಲ್ಲಿ ಕಬಡ್ಡಿ ಆಡುತ್ತಿರುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಮುಂಜಾನೆ ಬಗ್ಗಲಾರದ ಸೊಂಟ ಸಂಜೆ ಹೇಗೆ ಬಗ್ಗೀತು? ಕಳ್ಳಾಟ ಎಂದೇ ತೀರ್ಮಾನಿಸಿದೆ. ಒಂದು ದಿನ ಅಂಗುಟ ಹಿಡಿದು ನಿಲ್ಲುವ ಶಿಕ್ಷೆ ಕೊಟ್ಟೆ. ಕೈ ಮೊಳಕಾಲಿಗಿಂತ ಕೆಳಗೆ ಇಳಿಯಲಿಲ್ಲ. ನಾನು ಹಿಂದೆ ನಿಂತು ಬೆನ್ನಿನ ಮೇಲೆ ಕೈಯಿಟ್ಟು ಒತ್ತಿದೆ. ಹುಡುಗ ಅಳಲಿಲ್ಲ, ಬೆವರಿದ. ಆ ಅಂಗಿಯ ತೇವ ನನ್ನ ಅಂಗೈಗೆ ಹತ್ತಿದ್ದು ಈಗಲೂ ನೆನಪಿದೆ.

ಮುಂಜಾನೆ ಮುದುಕ, ಸಂಜೆ ಹುಡುಗ. ಸೋಮಾರಿತನಕ್ಕೆ ಇದೇ ಸಾಕ್ಷಿ ಎಂದು ನಾನು ತಿಳಿದೆನಲ್ಲ, ಬಲ್ಲ ವೈದ್ಯರಿಗೆ ಅದೇ ರೋಗದ ಮೊದಲ ಸಾಕ್ಷಿಯಂತೆ. ಈ ಮಾತು ನನಗೆ ಗೊತ್ತಾದದ್ದು ನಿವೃತ್ತನಾದ ಎಷ್ಟೋ ವರ್ಷಗಳ ಮೇಲೆ.

ಆ ರೋಗದ ಹೆಸರು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ಹೆಸರು ಗ್ರೀಕ್ ಭಾಷೆಯದು. ಆಂಕೈಲೋಸ್ ಎಂದರೆ ಬಾಗಿದ್ದು, ಸ್ಪಾಂಡಿಲೋಸ್ ಎಂದರೆ ಬೆನ್ನಿನ ಮಣಿ, ಐಟಿಸ್ ಎಂದರೆ ಉರಿಯೂತ. ಸೊಂಟದ ಎಲುಬೂ ಬೆನ್ನಿನ ಬುಡದ ತ್ರಿಕಾಸ್ಥಿಯೂ ಕೂಡುವಲ್ಲಿ ಎಡಬಲಕ್ಕೆ ಎರಡು ಕೀಲುಗಳಿವೆ. ಉರಿಯೂತ ಸಾಮಾನ್ಯವಾಗಿ ಅಲ್ಲಿಂದ ಆರಂಭವಾಗಿ ಬೆನ್ನುಮೂಳೆಯನ್ನು ಏರುತ್ತದೆ. ಹೊರಗಿನ ರೋಗಾಣುವಿನಿಂದ ಬಂದದ್ದಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಮೇಲೆ ತಿರುಗಿ ಬೀಳುವುದು. ಉರಿದಲ್ಲಿ ದೇಹ ಹೊಸ ಎಲುಬನ್ನು ಕಟ್ಟುತ್ತದೆ. ವರ್ಷಗಳು ಕಳೆದಂತೆ ಮಣಿ ಮಣಿಗೆ ಬೆಸೆದುಕೊಂಡು ಬೆನ್ನು ಒಂದೇ ಕೋಲಾಗುತ್ತದೆ. ಎಕ್ಸ್-ರೇ ಚಿತ್ರದಲ್ಲಿ ಗಿಣ್ಣು ಗಿಣ್ಣಾಗಿ ಕಾಣುವುದರಿಂದ ವೈದ್ಯರು ಇದಕ್ಕೆ ಬಿದಿರಿನ ಬೆನ್ನು ಎನ್ನುತ್ತಾರೆ. ಹೀಗೆ ಬೆಸೆದುಕೊಂಡ ಅಸ್ಥಿಪಂಜರವೊಂದನ್ನು 17ನೆಯ ಶತಮಾನದ ಕೊನೆಯಲ್ಲಿಯೇ ಬರ್ನಾರ್ಡ್ ಕಾನರ್ ಎಂಬ ಐರಿಷ್ ವೈದ್ಯ ವರ್ಣಿಸಿದ್ದ. 1893ರಲ್ಲಿ ರಷ್ಯಾದ ಬೆಖ್ತೆರೆವ್ ಇದರ ಬಗ್ಗೆ ಬರೆದ. 1973ರಲ್ಲಿ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿಗೂ ಈ ರೋಗಕ್ಕೂ ಇರುವ ನಂಟು ಪತ್ತೆಯಾಯಿತು. ನಾನು ಆ ಹುಡುಗನ ಬೆನ್ನು ಒತ್ತುವ ಹೊತ್ತಿಗೆ ಜಗತ್ತಿಗೆ ಇದೆಲ್ಲ ತಿಳಿದು ಇಪ್ಪತ್ತು ವರ್ಷಗಳ ಮೇಲಾಗಿತ್ತು.

ಹುಡುಗ ಎಸ್.ಎಸ್.ಎಲ್.ಸಿ. ಪಾಸಾದ, ಓದು ಬಿಟ್ಟ. ಮುಂದಿನ ಹನ್ನೊಂದು ವರ್ಷಗಳಲ್ಲಿ ಆತ ಕಂಡ ವೈದ್ಯರು, ನಾಟಿ ವೈದ್ಯರು, ಎಲುಬು ಕಟ್ಟುವವರು ಎಷ್ಟು ಮಂದಿಯೋ. ಮೊದಲು "ಕಲ್ಲು ಎತ್ತಿ ನರ ಹಿಡಿದಿದೆ" ಎಂದರು. ಎಕ್ಸ್-ರೇ ತೆಗೆಸಿದರೆ ಏನೂ ಇಲ್ಲ. ಈ ರೋಗದಲ್ಲಿ ಎಕ್ಸ್-ರೇಯಲ್ಲಿ ಬದಲಾವಣೆ ಕಾಣಲು ಹಲವು ವರ್ಷಗಳೇ ಹಿಡಿಯುತ್ತವೆ. ಆದರೆ "ಏನೂ ಇಲ್ಲ" ಎಂಬ ಮಾತನ್ನು ಮನೆಯವರು "ಇವನಿಗೆ ಏನೂ ಆಗಿಲ್ಲ" ಎಂದು ಅರ್ಥ ಮಾಡಿಕೊಂಡರು; ತಂದೆ ಎರಡು ದಿನ ಮಾತು ಬಿಟ್ಟರಂತೆ. ಇನ್ನೊಬ್ಬರು ಸೊಂಟಕ್ಕೆ ಬೆಲ್ಟ್ ಕೊಟ್ಟು ಆರು ವಾರ ಹಾಸಿಗೆಯಲ್ಲಿ ಮಲಗು ಎಂದರು. ಮಲಗಿದಷ್ಟೂ ಬಿಗಿತ ಹೆಚ್ಚಿತು. ಆ ಆರು ವಾರಗಳಷ್ಟು ನರಕ ತನ್ನ ಜೀವನದಲ್ಲಿ ಬೇರಿಲ್ಲ ಎಂದ. ರಾತ್ರಿ ಮೂರಕ್ಕೆ ನೋವಿನಿಂದ ಎಚ್ಚರವಾಗಿ, ಮನೆಯವರಿಗೆ ಗೊತ್ತಾಗದಂತೆ ಎದ್ದು ಓಣಿಯಲ್ಲಿ ಅತ್ತಿತ್ತ ತಿರುಗಾಡಿ ಬರುತ್ತಿದ್ದನಂತೆ. ತಿರುಗಾಡಿದರೆ ಆರಾಮ. ಯಾರಿಗೂ ಹೇಳಲಿಲ್ಲ, ಏಕೆಂದರೆ ವೈದ್ಯರು ಮಲಗು ಎಂದಿದ್ದರು.

2001ರಲ್ಲಿ ಬಲಗಣ್ಣು ಕೆಂಪಾಗಿ ಬೆಳಕು ನೋಡಲಾಗದಂತೆ ನೋವು ಬಂತು. ಕಣ್ಣು ಬಂದಿದೆ ಎಂದು ಔಷಧಿ ಅಂಗಡಿಯವರು ಹನಿ ಕೊಟ್ಟರು. ಮುಂದೆ ಎಡಗಣ್ಣಿಗೂ ಹಾಗೇ ಆಯಿತು. ಈ ರೋಗವಿರುವ ಅನೇಕರಿಗೆ ಕಣ್ಣಿನ ಒಳಪೊರೆಯ ಉರಿಯೂತ ಆಗುತ್ತದೆ ಎಂಬುದನ್ನು ಹೇಳುವವರು ಯಾರೂ ಇರಲಿಲ್ಲ. ಕಣ್ಣಿನವರು ಸೊಂಟ ಕೇಳಲಿಲ್ಲ, ಎಲುಬಿನ ಡಾಕ್ಟರು ಕಣ್ಣು ಕೇಳಲಿಲ್ಲ. ಹಿಮ್ಮಡಿ ನೋವಿಗೆ ಚಪ್ಪಲಿ ಬದಲಿಸಿದ. ಒಬ್ಬರು ಬೆನ್ನಿನ ಕ್ಷಯ ಇರಬಹುದೆಂದು ಊಹಿಸಿ ತಿಂಗಳುಗಟ್ಟಲೆ ಕ್ಷಯದ ಗುಳಿಗೆ ನುಂಗಿಸಿದರು. ಆ ಊಹೆಯನ್ನು ಪೂರ್ತಿ ತಪ್ಪೆನ್ನಲಾರೆ. ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಇಲ್ಲದ ರೋಗವೇನಲ್ಲ. ಆದರೆ ಗುಳಿಗೆಯಿಂದ ಗುಣ ಕಾಣದಾಗ ಮತ್ತೆ ಯೋಚಿಸಬೇಕಿತ್ತು.

ಆಮೇಲೆ 2006 ಬಂತು. ನಮ್ಮ ಕಡೆಯವರು ಆ ವರ್ಷವನ್ನು ಮರೆಯುವಂತಿಲ್ಲ. ಚಿಕೂನ್‌ಗುನ್ಯಾ ಜ್ವರ ಆಗಿನ ಗುಲಬರ್ಗಾ ಜಿಲ್ಲೆಯ ಹಳ್ಳಿ ಹಳ್ಳಿಗೆ ನುಗ್ಗಿತು. ಮನೆಯಲ್ಲಿ ಐದು ಜನರಿದ್ದರೆ ಐವರೂ ಗೋಡೆ ಹಿಡಿದು ನಡೆಯುತ್ತಿದ್ದರು. ಜ್ವರ ಇಳಿದರೂ ಕೀಲು ನೋವು ತಿಂಗಳುಗಟ್ಟಲೆ ಉಳಿಯಿತು. ಅಂದಿನಿಂದ ಎಷ್ಟೋ ಕಾಲ ನಮ್ಮಲ್ಲಿ ಯಾರು ಕೀಲು ನೋವು ಎಂದರೂ "ಚಿಕೂನ್‌ಗುನ್ಯಾದ್ದು" ಎಂಬ ಒಂದೇ ಉತ್ತರ. ಹತ್ತು ವರ್ಷಗಳಿಂದ ನರಳುತ್ತಿದ್ದ ನನ್ನ ಶಿಷ್ಯನೂ ಆ ಸಾಲಿನಲ್ಲಿ ನಿಂತುಬಿಟ್ಟ. ಊರಿಗೆಲ್ಲ ಬಂದದ್ದು ಇವನಿಗೂ ಬಂದಿದೆ ಎಂದು ಮನೆಯವರಿಗೆ ಒಂದು ಬಗೆಯ ಸಮಾಧಾನವೇ ಆಯಿತಂತೆ!

ಕೊನೆಗೆ 2008ರಲ್ಲಿ, ಸೇಡಂನ ಬೀಗರೊಬ್ಬರ ಜೊತೆ ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಗೆ ಹೋದ. ಅಲ್ಲಿ ಒಬ್ಬ ಯುವ ವೈದ್ಯೆ ಚಿತ್ರಗಳ ಕಟ್ಟನ್ನು ಬದಿಗಿಟ್ಟು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಮಲಗಿದರೆ ಆರಾಮವೋ, ಓಡಾಡಿದರೆ ಆರಾಮವೋ?" ಆ ಪ್ರಶ್ನೆ ಕೇಳಿ ತನಗೆ ಅಳು ಬಂತು ಎಂದು ಆತ ಹೇಳಿದ. ಹನ್ನೊಂದು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಆದರೆ ಉತ್ತರ ನನ್ನ ಕಣ್ಣೆದುರಿಗೇ ಕಬಡ್ಡಿ ಆಡುತ್ತಿತ್ತು. ಅಷ್ಟು ಹೊತ್ತಿಗೆ ಕೆಳಬೆನ್ನು ಬೆಸೆದುಹೋಗಿತ್ತು, ಕತ್ತು ಹಿಡಿಯತೊಡಗಿತ್ತು. ಔಷಧಿಯಿಂದ ನೋವು ಬಹಳ ಮಟ್ಟಿಗೆ ಇಳಿಯಿತು. ಬೆಸೆದದ್ದು ಬಿಚ್ಚಲಿಲ್ಲ.

ಈಗ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ನಮ್ಮ ಭಾಗದಲ್ಲಿ ಇಂಥ ವಿಳಂಬಕ್ಕೆ ಎಲ್ಲರೂ ಕೊಡುವ ಕಾರಣ "ಹಿಂದುಳಿದ ಪ್ರದೇಶ, ದೊಡ್ಡ ಆಸ್ಪತ್ರೆ ದೂರ" ಎಂಬುದು. ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಕಲಬುರಗಿಯಲ್ಲಿ 1963ರಿಂದ ವೈದ್ಯಕೀಯ ಕಾಲೇಜು ಇದೆ. ಈಗ ಸರಕಾರದ್ದೂ ಇದೆ, ಕಾರ್ಮಿಕರ ಇ.ಎಸ್.ಐ.ಸಿ.ಯದೂ ಇದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿಯೇ ರೈಲು ಓಡಿತು. ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಹೈದರಾಬಾದು ಮುಟ್ಟಲು ಒಂದು ಮುಂಜಾನೆ ಸಾಕು. ಅಲ್ಲಿನ ನಿಮ್ಸ್ ಸಂಸ್ಥೆಯಲ್ಲಿ ಸಂಧಿವಾತದ ಪ್ರತ್ಯೇಕ ವಿಭಾಗವೇ ಇದೆ. ಚಿಂಚೋಳಿಗೆ ರೈಲಿಲ್ಲ, ನಿಜ; ಕೂಲಿಯವನಿಗೆ ಒಂದು ದಿನ ಹೋದರೆ ಒಂದು ದಿನದ ಅನ್ನ ಹೋಯಿತು, ಅದೂ ನಿಜ. ಆದರೆ ನನ್ನ ಶಿಷ್ಯ ಹನ್ನೊಂದು ವರ್ಷಗಳಲ್ಲಿ ತಿರುಗಿದ ದಾರಿಯನ್ನು ಕೂಡಿಸಿದರೆ ಹತ್ತು ಸಲ ಹೈದರಾಬಾದಿಗೆ ಹೋಗಿ ಬರಬಹುದಿತ್ತು. ಎಲ್ಲಿಗೆ, ಯಾರ ಬಳಿಗೆ ಹೋಗಬೇಕು ಎಂದು ಹೇಳುವವರು ಇರಲಿಲ್ಲ. ಮುಂದುವರಿದ ದೇಶಗಳಲ್ಲಿಯೂ ಈ ರೋಗ ಗುರುತಾಗಲು ಸರಾಸರಿ ಆರೇಳು ವರ್ಷ ಹಿಡಿಯುತ್ತದೆಂದು ಓದಿದ್ದೇನೆ. ಅಲ್ಲಿ ಆಸ್ಪತ್ರೆ ದೂರವಿಲ್ಲವಲ್ಲ!

ನಮ್ಮಲ್ಲಿ ಟೊಂಕ ನೋವು ರೋಗವೆಂದೇ ಎಣಿಕೆಯಾಗುವುದಿಲ್ಲ. ಶಹಾಬಾದಿನಲ್ಲಿ ಕಲ್ಲು ಎತ್ತುವವನಿಗೆ ಟೊಂಕ ನೋವು. ವಾಡಿ, ಸೇಡಂಗಳ ಸಿಮೆಂಟಿನ ಚೀಲ ಹೊರುವವನಿಗೆ ಟೊಂಕ ನೋವು. ಚಿತ್ತಾಪುರ, ಚಿಂಚೋಳಿಯ ಹೊಲಗಳಲ್ಲಿ ಬಗ್ಗಿ ತೊಗರಿ ಕೊಯ್ಯುವವಳಿಗೂ ಟೊಂಕ ನೋವು. ಜಿಲ್ಲೆಯ ಕೆಲವು ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿ ವಯಸ್ಸಾದವರ ಬೆನ್ನು ಬಿಗಿಯುವುದೂ ಉಂಟು. ಇಷ್ಟೊಂದು ಬೆನ್ನುನೋವುಗಳ ನಡುವೆ ಹದಿನಾರು ವರ್ಷದ ಹುಡುಗನ ಬೆನ್ನುನೋವು ಯಾರಿಗೆ ಕಂಡೀತು? ಆದರೆ ದುಡಿಮೆಯ ನೋವು ರಾತ್ರಿ ಮಲಗಿದರೆ ಇಳಿಯುತ್ತದೆ, ಮುಂಜಾನೆ ಹಗುರಾಗುತ್ತದೆ. ಈ ನೋವು ಅದಕ್ಕೆ ತದ್ವಿರುದ್ಧ: ಮಲಗಿದರೆ ಏರುತ್ತದೆ, ನಸುಕಿನಲ್ಲಿ ಎಬ್ಬಿಸುತ್ತದೆ, ಎದ್ದ ಮೇಲೆ ಅರ್ಧ ತಾಸು, ಒಂದು ತಾಸು ಬಿಗಿಹಿಡಿದು ಓಡಾಡಿದಂತೆ ಸಡಿಲುತ್ತದೆ. ಹರೆಯದಲ್ಲಿ, ಬಹುಮಟ್ಟಿಗೆ ನಲವತ್ತೈದರೊಳಗೆ, ಪೆಟ್ಟೇನೂ ಬೀಳದೆ ಮೆಲ್ಲಗೆ ಆರಂಭವಾಗಿ ಮೂರು ತಿಂಗಳು ದಾಟಿದ ಇಂಥ ನೋವನ್ನು ಸುಮ್ಮನೆ ಬಿಡಬಾರದು. ಜೊತೆಗೆ ಕಣ್ಣು ಕೆಂಪಾಗುವುದು, ಹಿಮ್ಮಡಿ ನೋವು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಪೃಷ್ಠದ ನೋವು, ಸೋರಿಯಾಸಿಸ್, ಬಹುಕಾಲದ ಭೇದಿ, ಅಥವಾ ಮನೆಯಲ್ಲಿ ಇನ್ನೊಬ್ಬರಿಗೆ ಇದೇ ತೊಂದರೆ ಇದ್ದರಂತೂ ಸಂಧಿವಾತ ತಜ್ಞರನ್ನೇ ಕಾಣಬೇಕು. ಎಕ್ಸ್-ರೇಯಲ್ಲಿ ಕಾಣದ ಉರಿಯೂತ ಎಂ.ಆರ್.ಐ.ಯಲ್ಲಿ ಕಾಣಬಹುದು. ಬಿ27 ರಕ್ತಪರೀಕ್ಷೆ ಸಹಾಯಕ ಮಾತ್ರ. ಆ ಗುರುತು ಇರುವ ಬಹುಪಾಲು ಜನರಿಗೆ ರೋಗ ಬರುವುದೇ ಇಲ್ಲ. ನನ್ನ ಶಿಷ್ಯರಲ್ಲಿ ವೈದ್ಯರಾದವರು ಇದನ್ನು ಓದಿ, ಮಾಸ್ತರರು ತಪ್ಪಿದ್ದಲ್ಲಿ ತಿದ್ದಬೇಕು. ಇಷ್ಟು ವರ್ಷ ನಿಮ್ಮನ್ನು ನಾನು ತಿದ್ದಿದ್ದೇನೆ, ಈಗ ನಿಮ್ಮ ಪಾಳಿ.

ಕನ್ನಡ ಮಾಸ್ತರನಾದ್ದರಿಂದ ಪದದ ಬಗ್ಗೆ ಒಂದು ಮಾತು. ನಮ್ಮಲ್ಲಿ ಕತ್ತು ನೋವಿಗೆ ಪಟ್ಟಿ ಕಟ್ಟಿಕೊಂಡ ಅರವತ್ತು ವರ್ಷದವರೂ "ಸ್ಪಾಂಡಿಲೈಟಿಸ್ ಆಗ್ಯದ" ಎನ್ನುತ್ತಾರೆ. ಅವರದು ಬಹುಮಟ್ಟಿಗೆ ಸ್ಪಾಂಡಿಲೋಸಿಸ್, ವಯಸ್ಸಿನ ಸವೆತ. ಐಟಿಸ್ ಬೇರೆ, ಓಸಿಸ್ ಬೇರೆ. ಎರಡಕ್ಷರ ಅದಲುಬದಲಾದದ್ದಕ್ಕೆ ಇಷ್ಟೇಕೆ ಎನ್ನಬೇಡಿ. ಹೈದರಾಬಾದಿನಿಂದ ಸರಿಯಾದ ಹೆಸರು ಹೊತ್ತು ಊರಿಗೆ ಬಂದ ಮೇಲೂ, "ಸ್ಪಾಂಡಿಲೈಟಿಸ್ ಏನ್ ದೊಡ್ಡದು, ನಮ್ಮ ಮಾವಗೂ ಅದ, ಮಲ್ಕೊಂಡ್ರ ಹೋಗ್ತದ" ಎಂದು ಜನ ನನ್ನ ಶಿಷ್ಯನಿಗೆ ಬುದ್ಧಿ ಹೇಳಿದರಂತೆ.

ಇನ್ನು ನನ್ನನ್ನು ಹೆಚ್ಚು ಕಲಕಿದ ಸಂಗತಿ. ಆತನ ತಂಗಿಯೂ ನನ್ನ ವಿದ್ಯಾರ್ಥಿನಿಯೇ. ಆಕೆಯನ್ನು ಚಿಂಚೋಳಿಯ ಕಡೆಗೆ ಕೊಟ್ಟಿದ್ದಾರೆ. 2024ರಲ್ಲಿ ಆಕೆಯ ಮಗನಿಗೆ, ಹದಿನಾರು ವರ್ಷದ ಹುಡುಗನಿಗೆ, ಮುಂಜಾನೆ ಟೊಂಕ ಹಿಡಿಯತೊಡಗಿತು. ಸೋದರಮಾವ ಸುದ್ದಿ ಕೇಳಿದವನೇ ಅದೇ ಪ್ರಶ್ನೆ ಕೇಳಿದ, ಉತ್ತರ ಬಂದ ವಾರದೊಳಗೆ ತಾಯಿಮಗ ಇಬ್ಬರನ್ನೂ ಹೈದರಾಬಾದಿಗೆ ಕರೆದೊಯ್ದ. ನೋವು ಆರಂಭವಾದ ಐದನೆಯ ತಿಂಗಳಲ್ಲಿ ರೋಗ ಗುರುತಾಯಿತು. ಹುಡುಗನ ಬೆನ್ನು ಇನ್ನೂ ಬಳ್ಳಿಯಂತೆ ಬಳುಕುತ್ತದೆ. ಅಲ್ಲಿಗೆ ಎಲ್ಲ ಸುಖಾಂತವಾಗುತ್ತಿತ್ತು. ಆದರೆ ವೈದ್ಯರು ತಾಯಿಯ ಕಡೆ ತಿರುಗಿ, "ನಿಮಗೇನಮ್ಮಾ?" ಎಂದರಂತೆ. ಆಕೆ ಗಾಬರಿಯಿಂದ, "ನಂದೇನಿಲ್ರಿ, ಹೆಣ್ಣುಮಕ್ಕಳ ಟೊಂಕರೀ" ಎಂದಳಂತೆ. ಮೊದಲ ಹೆರಿಗೆಯ ಮೇಲೆ, ಇಪ್ಪತ್ತೊಂದರ ಪ್ರಾಯದಲ್ಲಿ ಶುರುವಾದದ್ದು. ಬಾಣಂತನ ಸರಿಯಾಗಲಿಲ್ಲ, ತಣ್ಣೀರು ಮುಟ್ಟಿದಳು, ವಾಯು ಹಿಡಿಯಿತು ಎಂದು ಅತ್ತೆ. ಕ್ಯಾಲ್ಸಿಯಂ ಕಡಿಮೆ ಎಂದು ಡಾಕ್ಟರು. ಇಪ್ಪತ್ತು ವರ್ಷ ಆಕೆ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಒಳ್ಳೆಯ ಸೊಸೆ ಎಂದು ಹೊಗಳಿಸಿಕೊಂಡಳು. ಮಲಗಿರಲು ಆಗುತ್ತಿರಲಿಲ್ಲ ಎಂದು ಯಾರಿಗೆ ಗೊತ್ತು? ಪರೀಕ್ಷೆ ಮಾಡಿದರೆ ಅವಳಿಗೂ ಅದೇ ರೋಗ.

"ಸರ್, ನನಗೇ ಗೊತ್ತಾಗಲಿಲ್ರಿ. ಹದಿನಾರು ವರ್ಷ ಈ ರೋಗದ ಹೆಸರು ಗೊತ್ತಿದ್ದಾಂವ ನಾನು. ತಂಗೀನ ಒಂದು ದಿನ ಕೇಳಲಿಲ್ಲ" ಎಂದು ಹೇಳುವಾಗ ಆತ ನನ್ನ ಮುಖ ನೋಡಲಿಲ್ಲ. ಇದು ಗಂಡಸರ ರೋಗ ಎಂಬ ಹಳೆಯ ನಂಬಿಕೆ ವೈದ್ಯರಲ್ಲಿಯೂ ಇತ್ತು. ಈಗ ಹೆಂಗಸರಲ್ಲಿಯೂ ಸಾಕಷ್ಟು ಇದೆ, ಅವರಲ್ಲಿ ಗುರುತಾಗುವುದು ಇನ್ನೂ ತಡ ಎಂದು ತಿಳಿದವರು ಹೇಳುತ್ತಾರೆ. ಸೊಸೆ, ಮಗಳು, ಹೆಂಡತಿ ನಸುಕಿನಲ್ಲಿ ಏಕೆ ಎದ್ದಳೆಂದು ಕೇಳುವ ಪದ್ಧತಿ ನಮ್ಮ ಮನೆಗಳಲ್ಲಿ ಇಲ್ಲ. ನನ್ನ ಬಂಧುಗಳು ಇದನ್ನು ಓದುತ್ತೀರಿ. ಸಿಟ್ಟು ಬಂದರೆ ಬರಲಿ.

ಗುರುತಾದರೆ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪೂರ್ತಿ ಗುಣವಾಗುವುದಿಲ್ಲ, ಆದರೆ ಹತೋಟಿಗೆ ಬರುತ್ತದೆ. ದಿನವೂ ವ್ಯಾಯಾಮ ಮತ್ತು ವೈದ್ಯರ ನಿಗಾದಲ್ಲಿ ಉರಿಯೂತ ಇಳಿಸುವ ಗುಳಿಗೆ, ಇವು ಮೊದಲ ಚಿಕಿತ್ಸೆ. ಸಾಲದಿದ್ದರೆ ಬಯಾಲಜಿಕ್ ಎಂಬ ಚುಚ್ಚುಮದ್ದುಗಳಿವೆ. ಅವುಗಳಲ್ಲೊಂದಾದ ಅಡಲಿಮುಮಾಬ್‌ನ ದೇಶೀ ಪ್ರತಿರೂಪ 2014ರಲ್ಲಿ ಬಂದ ಮೇಲೆ ಬೆಲೆ ಇಳಿಯಿತು, ಆದರೂ ಕೂಲಿಯವನ ಕೈಗೆ ಭಾರವೇ. ಕೊಡುವ ಮೊದಲು ಒಳಗೆ ಕ್ಷಯ ಅಡಗಿದೆಯೇ ಎಂದು ಪರೀಕ್ಷಿಸಲೇಬೇಕು. ಹಳ್ಳಿಗಳಲ್ಲಿ ಕೈಗೆ ಸಿಕ್ಕಂತೆ ಕೊಡುವ ಸ್ಟಿರಾಯ್ಡ್ ಸೂಜಿಯಿಂದ ಎರಡು ದಿನ ಆರಾಮ ಎನಿಸಬಹುದು; ಅದನ್ನು ನಂಬಿ ವರ್ಷ ಕಳೆಯಬೇಡಿ.

ಈ ರೋಗ ಮೊದಲು ತಲೆಯೆತ್ತುವ ವಯಸ್ಸಿನಲ್ಲಿ ಹುಡುಗರು ಇರುವುದು ಎಲ್ಲಿ? ಶಾಲೆಯಲ್ಲಿ, ಕಾಲೇಜಿನಲ್ಲಿ, ನಮ್ಮ ಎದುರಿಗೆ. ದಿನವೂ ಅವರನ್ನು ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ನೋಡುವವರು ನಾವು. ವೈದ್ಯರಿಗೂ ಇಲ್ಲದ ಅನುಕೂಲ ಇದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಸರಕಾರಿ ಶಾಲೆಗಳಲ್ಲಿ ಪರೀಕ್ಷಿಸುತ್ತವೆ. ಹಲ್ಲು, ಕಣ್ಣು, ಕಿವಿ ನೋಡುವಾಗ ಪ್ರೌಢಶಾಲೆಯ ಮಕ್ಕಳಿಗೆ ಆ ಒಂದು ಪ್ರಶ್ನೆಯನ್ನೂ ಕೇಳಲು ಏನು ಖರ್ಚು? ದೈಹಿಕ ಶಿಕ್ಷಕರಿಗೆ ತರಬೇತಿಯಲ್ಲಿ ಅರ್ಧ ತಾಸು ಇದನ್ನು ಹೇಳಿದರೆ ಸಾಕು. ನನ್ನ ಶಿಷ್ಯರಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಈಗ ಶಿಕ್ಷಕರಾಗಿದ್ದೀರಿ. ಪ್ರಾರ್ಥನೆಯಲ್ಲಿ ಬಗ್ಗದ ಹುಡುಗ ಸಂಜೆ ಆಟವಾಡುತ್ತಿದ್ದರೆ ಕೋಲು ಎತ್ತಬೇಡಿ, ತಂದೆತಾಯಿಯನ್ನು ಕರೆಸಿ.

ಅರ್ಜಿಯ ವಿಷಯ ಹೇಳುವೆನೆಂದಿದ್ದೆ. ಅಳಿಯ ಪಿ.ಯು.ಸಿ. ಓದುತ್ತಿದ್ದಾನೆ. ಮೂರು ತಾಸು ಒಂದೇ ಸಮ ಕುಳಿತರೆ ಬೆನ್ನು ಬಿಗಿಯುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಅರ್ಧ ತಾಸಿಗೊಮ್ಮೆ ಎರಡು ನಿಮಿಷ ಎದ್ದು ನಿಲ್ಲಲು ಅವಕಾಶ ಬೇಕು; ಪ್ರಾಂಶುಪಾಲರಿಗೆ ಒಳ್ಳೆಯ ಕನ್ನಡದಲ್ಲಿ ಬರೆದುಕೊಡಬೇಕು. "ನಿಮ್ಮಷ್ಟು ಚಂದ ಬರಿಯೋರು ಯಾರ್ರಿ ಸರ್" ಎಂದ. ಬರೆದುಕೊಟ್ಟೆ. ವೈದ್ಯರ ಚೀಟಿಯ ಪ್ರತಿ ಲಗತ್ತಿಸಲು ಹೇಳಿದೆ. ಕಾಗದವನ್ನು ಮಡಿಸಿ ಜೇಬಿಗೆ ಇಟ್ಟುಕೊಂಡವನು ಹೊರಡುವಾಗ ನನ್ನ ಕಾಲಿಗೆರಗಲು ನೋಡಿದ. ಬಗ್ಗಲು ಆಗಲಿಲ್ಲ. ನಾನೇ ಆತನ ಕೈ ಹಿಡಿದು ಬಸ್ಸಿನವರೆಗೆ ಕಳಿಸಿ ಬಂದೆ.